ಮಿಲ್ಟ್ರಿ ಅಪ್ಪನ ಕಥೆ ಬರ್ದಿದ್ದು ಹೀಗೆ

ಅಪ್ಪನ ವರ್ಷದ ಕಾರ್ಯಕ್ಕೆ ಬರೋರಿಗೆಲ್ಲ ಒಂದು ಸಣ್ಣ ಪುಸ್ತಕ ಕೊಡೋಣ ಅಂತ ಮನೇಲಿ ಮಾತಾಯ್ತು, ಬರೆಯೋ ಕೆಲಸ ನನ್ ತಲೆಗೆ ಬಂತು. ಅಪ್ಪ 1963ರಲ್ಲಿ ಮದ್ರಾಸ್ ಸ್ಯಾಪರ್ಸ್ ಸೇರಿದ್ರು, ಅದೇ ಬೆಂಗಳೂರು ಹಲಸೂರು ಕಡೆ ಇರೋ ಎಂಇಜಿ, ಸೈನ್ಯದ ಇಂಜಿನಿಯರ್ ಪಡೆ, ಚೀನಾ ಯುದ್ಧ ಆದ್ಮೇಲೆ ಸೈನ್ಯಕ್ಕೆ ಜಾಸ್ತಿ ಜನ ತಗೋತಿದ್ರಲ್ಲ ಆಗ. 1980ಕ್ಕೆ ಹವಾಲ್ದಾರ್ ಆಗಿ ಪೆನ್ಷನ್ ಮೇಲೆ ಬಂದ್ರು. ನಮಗೆ ಗೊತ್ತಿದ್ದಿದ್ದು ಇಷ್ಟೇ. ಯುದ್ಧದ ಬಗ್ಗೆ ಕೇಳಿದ್ರೆ "ಹೋಗೋ, ಓದ್ಕೋ ಹೋಗು" ಅಂತ ಓಡಿಸೋರು.

ಮೊದ್ಲು ಟ್ರಂಕ್ ತೆಗೆದೆ. ನಿಮ್ಮನೇಲೂ ಇಂಥ ಟ್ರಂಕ್ ಇದ್ರೆ ಒಂದ್ಮಾತು, ಮೆಡಲ್‌ಗಳನ್ನ ಹುಣಸೆಹಣ್ಣು ಹಾಕಿ ಉಜ್ಜೋಕೆ ಹೋಗ್ಬೇಡಿ, ಅದ್ರ ಮೇಲೆ ನಂಬರು, ರ್ಯಾಂಕು, ಹೆಸರು ಕೊರೆದಿರ್ತಾರೆ, ಅದನ್ನ ಬರ್ಕೊಳ್ಳಿ. ಯಾವ ಮೆಡಲ್ ಅನ್ನೋದೂ ಮುಖ್ಯ. 71ರ ಪಾಕಿಸ್ತಾನ ಯುದ್ಧದಲ್ಲಿ ಬಾಂಗ್ಲಾ ಕಡೆ ಇದ್ದೋರಿಗೆ ಪೂರ್ವಿ ಸ್ಟಾರ್, ಪಂಜಾಬ್ ಕಾಶ್ಮೀರದ ಕಡೆ ಇದ್ದೋರಿಗೆ ಪಶ್ಚಿಮಿ ಸ್ಟಾರ್. ನಮ್ಮೂರಲ್ಲಿ ಎಲ್ರೂ ಅಪ್ಪ ಬಾಂಗ್ಲಾ ಯುದ್ಧ ಮಾಡಿದ್ರು ಅಂತಾನೇ ಹೇಳೋದು, ಟ್ರಂಕಲ್ಲಿ ಸಿಕ್ಕಿದ್ದು ಪಶ್ಚಿಮಿ ಸ್ಟಾರ್! ಡಿಸ್ಚಾರ್ಜ್ ಬುಕ್ಕಲ್ಲಿ ಯೂನಿಟ್ ಹೆಸರಿತ್ತು, ಸರ್ವಿಸ್ ನಂಬರ್ ಹಾಕಿ ರೆಕಾರ್ಡ್ ಆಫೀಸಿಗೆ ಒಂದು ಕಾಗದ ಬರೆದೆ, ಆಮೇಲೆ ಗೊತ್ತಾಯ್ತು ಅಪ್ಪ ಇದ್ದಿದ್ದು ಪಾಕಿಸ್ತಾನದ ಶಕರ್‌ಗಢ ಕಡೆ, ಬಸಂತರ್ ನದಿ ಹತ್ರ. ಟ್ಯಾಂಕ್ ಪಡೆಯ ಆಫೀಸರ್ ಅರುಣ್ ಖೇತರ್‌ಪಾಲ್ 21 ವರ್ಷಕ್ಕೇ ಸತ್ತು ಪರಮವೀರ ಚಕ್ರ ಬಂತಲ್ಲ, 1971 ಡಿಸೆಂಬರ್ 16, ಅದೇ ಜಾಗ. ಅವರ ಟ್ಯಾಂಕುಗಳು ಮುಂದೆ ಹೋಗ್ಬೇಕು ಅಂದ್ರೆ ಮೊದ್ಲು ಯಾರಾದ್ರೂ ನೆಲದಲ್ಲಿ ಹುಗಿದಿರೋ ಬಾಂಬು, ಅಂದ್ರೆ ಮೈನ್, ತೆಗೆದು ದಾರಿ ಮಾಡ್ಬೇಕಿತ್ತು, ಆ ಕೆಲಸ ಸ್ಯಾಪರ್‌ಗಳದ್ದು.

ಅಪ್ಪನ ಜೊತೆ ಇದ್ದೋರೊಬ್ರು ಸೇಲಂ ಹತ್ರ ಇದ್ದಾರೆ, ಹಳೇ ಡೈರೀಲಿ ನಂಬರ್ ಸಿಕ್ತು. ಅರ್ಧ ತಮಿಳು ಅರ್ಧ ಹಿಂದಿ, ನಾನೂ ಹಂಗೇ ಹೆಂಗೋ ಮಾತಾಡ್ದೆ. "ಯುದ್ಧ ಹೇಗಿತ್ತು ಅಣ್ಣಾ" ಅಂದ್ರೆ "ಚೆನ್ನಾಗಿತ್ತು" ಅಂದು ಸುಮ್ನಾಗ್ಬಿಟ್ರು. ಚಳೀಲಿ ಕೈಗೆ ಏನ್ ಹಾಕ್ಕೋತಿದ್ರಿ ಅಂತ ಕೇಳ್ದೆ ನೋಡಿ, ಶುರುವಾಯ್ತು. ಗ್ಲೌಸ್ ಹಾಕ್ಕೊಂಡ್ರೆ ಬೆರಳಿಗೆ ಏನೂ ಗೊತ್ತಾಗಲ್ಲ ಅಂತ ಬರಿಗೈಲೇ ಕೆಲಸ ಮಾಡ್ತಿದ್ರಂತೆ, ರಾತ್ರಿ ಹೊಟ್ಟೆ ಮೇಲೆ ಮಲಗಿ ಕಬ್ಬಿಣದ ಕಡ್ಡೀನ ಓರೆಯಾಗಿ ಮಣ್ಣಿಗೆ ಚುಚ್ಚುತ್ತಾ ಹೋಗೋದು, ನೇರ ಚುಚ್ಚಿದ್ರೆ ಮೈನ್ ತಲೆಗೇ ತಾಗುತ್ತೆ, ದಾರಿ ಕ್ಲಿಯರ್ ಆದಂಗೆಲ್ಲ ಎರಡೂ ಕಡೆ ಬಿಳಿ ಟೇಪ್ ಎಳೆಯೋದು, ಮೇಲಿಂದ ಶೆಲ್ಲಿಂಗ್ ಬೇರೆ. ಟ್ಯಾಂಕ್ ಮೈನ್ ಮೇಲೆ ಮನುಷ್ಯ ನಡೆದ್ರೆ ಸಾಮಾನ್ಯವಾಗಿ ಏನೂ ಆಗಲ್ಲ, ಮಧ್ಯೆ ಮಧ್ಯೆ ಹುಗಿದಿರೋ ಚಿಕ್ಕ ಮೈನ್‌ಗಳೇ ಕಾಲು ತೆಗೆಯೋದು ಅಂದ್ರು. ಅದಕ್ಕೇ ಹೇಳ್ತೀನಿ, ಮಿಲ್ಟ್ರಿಯವರ ಹತ್ರ ಶೌರ್ಯದ ಕಥೆ ಕೇಳ್ಬೇಡಿ, ಊಟ, ಶೂ, ಚಳಿ, ರಜೆ ಇಂಥದ್ದು ಕೇಳಿ.

ಅಮ್ಮನ ಹತ್ರಾನೂ ಹಂಗೇ ಮಾಡ್ದೆ. ಆ ಡಿಸೆಂಬರಲ್ಲಿ ಅಕ್ಕ ಹೊಟ್ಟೇಲಿದ್ಲಂತೆ, ಸಾಹುಕಾರ್ರ ಮನೆ ಜಗಲೀಲಿ ಕೂತು ರೇಡಿಯೋ ವಾರ್ತೆ ಕೇಳೋದು, ಹೆಸರು ಹೇಳ್ತಾರೇನೋ ಅಂತ. ಅಪ್ಪ ಬರ್ದಿದ್ದ ಇನ್‌ಲ್ಯಾಂಡ್ ಲೆಟರ್‌ಗಳನ್ನ ಅಮ್ಮ ಸೀರೆ ಪೆಟ್ಟಿಗೇಲಿ ಇಟ್ಟಿದ್ರು. ಅಪ್ಪನ ಅಡ್ರೆಸ್ಸಲ್ಲಿ ಊರಿಲ್ಲ, ಬರೀ 56 ಎಪಿಒ, ಅಂದ್ರೆ ಸೈನ್ಯದ ಪೋಸ್ಟ್ ಆಫೀಸ್. ಒಳಗೆ ಯುದ್ಧದ್ದು ಒಂದಕ್ಷರ ಇಲ್ಲ, ಕಂದು ಹಸು ಗಬ್ಬ ಆಯ್ತಾ, ಮನಿಯಾರ್ಡರ್ ಮುಟ್ತಾ, ರಾಗಿ ಕೊಯ್ಲಿಗೆ ಆಳು ಸಿಕ್ರಾ, ಹೆರಿಗೆಗೆ ಆಸ್ಪತ್ರೆಗೇ ಹೋಗು ಮನೇಲಿ ಬೇಡ, ಇಷ್ಟೇ. ನನಗಂತೂ ಇಡೀ ಪುಸ್ತಕದಲ್ಲಿ ಇಷ್ಟವಾಗಿದ್ದು ಈ ಪುಟಗಳೇ, ಒಂದಕ್ಷರಾನೂ ತಿದ್ದದೆ ಹಂಗೇ ಹಾಕಿದೀನಿ. ಪೆನ್ಸಿಲಲ್ಲಿ ಬರ್ದಿರೋದನ್ನ ಲ್ಯಾಮಿನೇಷನ್ ಮಾಡಿಸ್ಬೇಡಿ, ಫೋಟೋ ತೆಗೆದಿಟ್ಕೊಳ್ಳಿ ಸಾಕು.

ಸೈನ್ಯದಲ್ಲಿ ಇದ್ದಿದ್ದು 17 ವರ್ಷ, ಬ್ಯಾಂಕಲ್ಲಿ ಗನ್‌ಮ್ಯಾನ್ ಆಗಿ ಬಾಗಿಲಲ್ಲಿ ನಿಂತಿದ್ದು 22 ವರ್ಷ. ಸಾಮಾನ್ಯವಾಗಿ ಇಂಥ ಪುಸ್ತಕಗಳಲ್ಲಿ ಇದನ್ನ ಒಂದು ಸಾಲಲ್ಲಿ ಮುಗಿಸಿಬಿಡ್ತಾರೆ, ನಾನು ಅದಕ್ಕೇ ಜಾಸ್ತಿ ಪುಟ ಕೊಟ್ಟೆ, ಯಾಕಂದ್ರೆ ಅಕ್ಕನ ಬಿಎಡ್ಡು, ನನ್ನ ಡಿಪ್ಲೊಮಾ, ತಾರಸಿ ಮನೆ ಎಲ್ಲಾ ಬಂದಿದ್ದು ಆ ಸಂಬಳದಿಂದ. ಆ ಬಂದೂಕು ಒಂದ್ಸಲಾನೂ ಹಾರಿದ್ದಿಲ್ಲ. ವಯಸ್ಸಾದ ಹೆಂಗಸ್ರಿಗೆ ಚಲನ್ ತುಂಬಿಕೊಡೋದೇ ಅವರ ಅರ್ಧ ಕೆಲಸ ಆಗಿತ್ತು ಅಂತ ಅಲ್ಲಿ ರಿಟೈರ್ ಆದ ಕ್ಯಾಷಿಯರ್ ಹೇಳಿದ್ರು.

ಗಲಾಟೆ ಆಗಿದ್ದು ಚಿಕ್ಕಪ್ಪನ ಜೊತೆ. ಅಪ್ಪ ಒಬ್ರೇ ಹತ್ತು ಜನ ಪಾಕಿಸ್ತಾನಿಗಳನ್ನ ಹೊಡೆದ್ರು ಅಂತ ಚಿಕ್ಕಪ್ಪ ಸಂತೇಲೆಲ್ಲ ಹೇಳ್ಕೊಂಡು ಬಂದಿದ್ದಾರೆ. ಯಾವ ಕಾಗದದಲ್ಲೂ ಇಲ್ಲ, ಸೇಲಂನವರು ಕೇಳಿ ನಕ್ಕುಬಿಟ್ರು, ಹಂಗಾಗಿ ನಾನು ಹಾಕ್ಲಿಲ್ಲ. ವಾರಗಟ್ಟಲೆ ಮಾತು ಬಿಟ್ರು. ಕಾರ್ಯದ ದಿನ ಬಂದು ನೆಂಟರಿಗೆ ಹಂಚೋಕೆ ಒಂದು ಕಟ್ಟು ಪುಸ್ತಕ ತಗೊಂಡು ಹೋದ್ರು, ಈಗ ಒಬ್ಬೊಬ್ರಿಗೂ ಪುಸ್ತಕ ಕೊಡೋವಾಗ "ಇದ್ರಲ್ಲಿ ಒಂದು ವಿಷಯ ಬಿಟ್ಟೋಗಿದೆ" ಅಂತ ಶುರು ಮಾಡ್ತಾರಂತೆ, ಹೇಳ್ಕೊಳ್ಲಿ ಬಿಡಿ.