ಕೈಗಂಟು ಬಿಗಿದಾಗ ಕೈಗೂಸಿನ ಆರೈಕೆ

ರುಮಟಾಯ್ಡ್ ಸಂಧಿವಾತ ಮುದುಕರ ಗಂಟುನೋವಲ್ಲ. ದೇಹದ ರೋಗನಿರೋಧಕ ಶಕ್ತಿಯೇ ಕೀಲುಗಳ ಒಳಪೊರೆಯ ಮೇಲೆ ತಿರುಗಿಬೀಳುವ ಈ ಕಾಯಿಲೆ ಹೆಂಗಸರಲ್ಲಿ ಗಂಡಸರಿಗಿಂತ 2–3 ಪಟ್ಟು ಹೆಚ್ಚು. ಹೆರಿಗೆಯಾದ ಮೊದಲ ಕೆಲವು ತಿಂಗಳಲ್ಲಿ ಕೆರಳುವುದೂ ಉಂಟು. ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲದ ಕಡೆ ‘ಬಾಣಂತನದ ಶೀತ’ ಎಂದು ಎಣ್ಣೆ ತಿಕ್ಕಿಯೇ ಕಾಲ ಕಳೆಯುವವರಿದ್ದಾರೆ. ಎಣ್ಣೆ ತಿಕ್ಕಿಕೊಳ್ಳಿ, ಬೇಡವೆನ್ನುವವರಾರು? ಆದರೆ ಎರಡೂ ಕೈಗಳ ಬೆರಳ ಗಂಟು ಊದಿ, ಬೆಳಿಗ್ಗೆ ಅರ್ಧ ಗಂಟೆಗೂ ಮೀರಿ ಮುಷ್ಟಿ ಕಟ್ಟಲಾಗದೆ ಕೆಲವು ವಾರ ಕಳೆದರೆ ಮಂಗಳೂರಿಗೆ ಹೋಗಿ ಸಂಧಿವಾತ ತಜ್ಞರನ್ನು ಕಾಣಿ.

ದಿನದ ತಯಾರಿ ಹಿಂದಿನ ಸಂಜೆಯೇ ಆಗಲಿ. ತೆಂಗಿನಕಾಯಿ ಹೆರೆದು ಫ್ರಿಜ್‌ನಲ್ಲಿಡಿ. ಹೆರೆಮಣೆಯ ಕೆಲಸ ಮನೆಯ ಇನ್ನೊಬ್ಬರದಾದರೆ ಇನ್ನೂ ಒಳ್ಳೆಯದು. ಡಬ್ಬಿಗಳ ಮುಚ್ಚಳ ಸಡಿಲಿಸಿಡಿ. ಮಗುವಿಗೆ ಗುಂಡಿಯಿಲ್ಲದ, ಇಲಾಸ್ಟಿಕ್ ಇರುವ ಬಟ್ಟೆ ತೆಗೆದಿಡಿ. ಬೆಳಿಗ್ಗೆ ಎದ್ದೊಡನೆ ಬಚ್ಚಲ ಹಂಡೆಯ ನೀರನ್ನು ಹದವಾಗಿ ಬೆರೆಸಿ ಕೈ ಮುಳುಗಿಸಿ, ಬೆರಳುಗಳನ್ನು ನಿಧಾನವಾಗಿ ಮಡಿಸಿ ಬಿಡಿಸಿ.

ಇನ್ನು ಮಗುವನ್ನು ಎತ್ತುವ ಬಗೆ. ಕಂಕುಳಿಗೆ ಕೈ ಹಾಕಿ ಎತ್ತಿದರೆ ಭಾರವೆಲ್ಲ ಹೆಬ್ಬೆರಳಿಗೂ ಮಣಿಕಟ್ಟಿಗೂ ಬೀಳುತ್ತದೆ. ಬದಲಿಗೆ ಮಂಚದ ಅಂಚಿನಲ್ಲಿ ಕುಳಿತು ಮಗುವನ್ನು ಮೈಗೆ ಹತ್ತಿರ ಸರಿಸಿಕೊಳ್ಳಿ. ಒಂದು ಮುಂಗೈ ಕುಂಡೆಯ ಅಡಿಗೆ, ಇನ್ನೊಂದು ಬೆನ್ನಿಗೆ, ಎದೆಗೊತ್ತಿಕೊಂಡು ಏಳಿ. ಬೆರಳಿಗೆ ಕೆಲಸವೇ ಇರಬಾರದು. ಹಾಲೂಡುವಾಗ ಮಗುವಿನ ಭಾರ ತಲೆದಿಂಬಿನ ಮೇಲಿರಲಿ. ನಡೆಯುವ ಮಗುವಿಗೆ ಸ್ಟೂಲ್ ಹತ್ತಿ ತಾನೇ ಮಡಿಲಿಗೆ ಬರುವುದನ್ನು ಕಲಿಸಿ. ‘ಅಮ್ಮನ ಕೈ ಇನ್ನೂ ಎದ್ದಿಲ್ಲ’ ಎಂದರೆ ಎರಡೂವರೆ ವರ್ಷದ ಮಗುವಿಗೂ ಅರ್ಥವಾಗುತ್ತದೆ.

ದೊಡ್ಡವರಿಗೇ ಅರ್ಥವಾಗುವುದು ಕಷ್ಟ. ಮಧ್ಯಾಹ್ನ ಓಡಾಡುವ ಸೊಸೆಗೆ ಬೆಳಿಗ್ಗೆ ಚೆಂಬು ಹಿಡಿಯಲಾಗುವುದಿಲ್ಲ ಎಂದರೆ ಅತ್ತೆಯವರಿಗೆ ನಾಟಕವೆನಿಸಬಹುದು. ಗಂಡನನ್ನೋ ಅತ್ತೆಯವರನ್ನೋ ಒಮ್ಮೆ ವೈದ್ಯರ ಮುಂದೆ ಕೂರಿಸಿ. ನೀರು ಸೇದುವುದು, ಮಗುವಿನ ಸ್ನಾನ, ಅಂಗನವಾಡಿಗೆ ಬಿಡುವುದು ಬೆಳಗಿನ ಹೊತ್ತು ಅವರ ಪಾಲಿಗಿರಲಿ. ಅಡಿಕೆ ಸುಲಿಯುವುದು, ಬೀಡಿ ಕಟ್ಟುವುದು ಗಂಟು ಊದಿದ ದಿನಗಳಲ್ಲಿ ಬೇಡವೇ ಬೇಡ.

ಔಷಧದಲ್ಲಿ ಮಾತ್ರ ಅಂದಾಜು ನಡೆಯದು. ಈ ಕಾಯಿಲೆಗೆ ಸಾಮಾನ್ಯವಾಗಿ ಬರೆಯುವ ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ನುಂಗುವ ಮಾತ್ರೆ; ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ. ನಮ್ಮ ಗಡಿನಾಡಿನಲ್ಲಿ ಚೀಟಿ ಇಂಗ್ಲಿಷಿನಲ್ಲಿ, ಅಂಗಡಿಯವರ ವಿವರಣೆ ಮಲಯಾಳದಲ್ಲಿ. ಆದ್ದರಿಂದ ಮಾತ್ರೆಯ ದಿನವನ್ನು ಕೇಳಿ ಖಚಿತಪಡಿಸಿಕೊಂಡು ‘ಭಾನುವಾರ ಮಾತ್ರ’ ಎಂಬಂತೆ ಕನ್ನಡದಲ್ಲಿ ಮಾತ್ರೆಯ ಸ್ಟ್ರಿಪ್ ಮೇಲೆಯೇ ಬರೆಸಿಕೊಳ್ಳಿ. ಜೊತೆಗೆ ಕೊಡುವ ಫೋಲಿಕ್ ಆಸಿಡ್‌ನ ದಿನವನ್ನೂ ಬರೆದಿಡಿ.

ಹಾಲೂಡುತ್ತಿದ್ದರೆ, ಇನ್ನೊಂದು ಮಗುವಿನ ಯೋಚನೆಯಿದ್ದರೆ ಮೊದಲೇ ಹೇಳಬೇಕು. ಮೆಥೊಟ್ರೆಕ್ಸೇಟ್ ಆಗ ಸಲ್ಲದು. ಹೈಡ್ರಾಕ್ಸಿಕ್ಲೋರೋಕ್ವಿನ್, ಸಲ್ಫಾಸಲಜಿನ್‌ನಂಥ ಬೇರೆ ದಾರಿಗಳಿವೆ. ಮಗುವಿನಿಂದ ಜ್ವರ ಅಂಟಿದರೆ ಆ ವಾರದ ಮಾತ್ರೆಗೆ ಮುನ್ನ ವೈದ್ಯರನ್ನು ಕೇಳಿ. ನೋವಿಲ್ಲವೆಂದು ತಾನೇ ಮಾತ್ರೆ ನಿಲ್ಲಿಸಬಾರದು. ಇನ್ನೊಂದು: ನಿಮ್ಮ ಕೈಗೆ ಸುಲಭವಾಗಿ ತೆರೆಯುವ ಡಬ್ಬಿ ಮಗುವಿನ ಕೈಗೂ ತೆರೆಯುತ್ತದೆ. ಎತ್ತರದಲ್ಲಿಡಿ.

ರಕ್ತಪರೀಕ್ಷೆಯನ್ನು ಕೆಲವು ದಿನ ಮೊದಲೇ ಊರಿನ ಲ್ಯಾಬ್‌ನಲ್ಲಿ ಮಾಡಿಸಿ ವರದಿ ಹಿಡಿದೇ ಮಂಗಳೂರಿನ ಬಸ್ ಹತ್ತಿ. ಬೆಳಗಿನ ಬಿಗಿತ ಸಡಿಲಾಗಲೆಂದು ಭೇಟಿಯ ಸಮಯವನ್ನು ಹನ್ನೊಂದರ ಮೇಲೆ ಕೇಳಿಕೊಳ್ಳಿ.