ಡೈರಿಗೆ ಹಾಲು ಹಾಕಿದ ಮೇಲೆ ಮುಕ್ಕಾಲು ಗಂಟೆ

ಶ್ರೀನಿವಾಸಪುರ ತಾಲ್ಲೂಕಿನ ನಮ್ಮೂರಲ್ಲಿ ವಯಸ್ಸಾದವರಿಗೆ ನೆನಪು, ಲೆಕ್ಕದ ಅಭ್ಯಾಸ ಮಾಡಿಸಲು ಮೊದಲ ತಂಡ ಕಟ್ಟಿದಾಗ 22 ಜನ ಇದ್ದರು, ಎಲ್ಲರೂ 60 ದಾಟಿದವರು. ಮೂರನೇ ವಾರಕ್ಕೆ ಉಳಿದದ್ದು ಐದೋ ಆರೋ. "ವಯಸ್ಸಾದವರು ಇದಕ್ಕೆಲ್ಲ ಕೂರಲ್ಲ ಮೇಡಂ, ಬಿಟ್ಬಿಡಿ" ಅಂತ ಜೊತೆಯಲ್ಲಿ ಕೆಲಸ ಮಾಡುವವರೇ ಹೇಳಿದರು. ಈಗಿನ ತಂಡಕ್ಕೆ 14 ತಿಂಗಳಾಯಿತು. 19 ಜನರಲ್ಲಿ 15 ಜನ ವಾರಕ್ಕೆ ಮೂರು ದಿನ ಬರುತ್ತಿದ್ದಾರೆ.

ಮೊದಲು ದುಡ್ಡು ಹೋದದ್ದು ಟ್ಯಾಬ್‌ಗಳಿಗೆ. ನಾಲ್ಕು ಟ್ಯಾಬ್, ಆ್ಯಪ್ ಚಂದಾ ಸೇರಿ 46 ಸಾವಿರ ಚಿಲ್ಲರೆ, ಅರ್ಧ ನನ್ನ ಕೈಯಿಂದ. ಮಣ್ಣಲ್ಲಿ ದುಡಿದು ಒರಟಾದ ಬೆರಳನ್ನು ಆ ಪರದೆ ಗುರುತಿಸಲೇ ಇಲ್ಲ. ತಪ್ಪು ತಮ್ಮದೇ ಅಂದುಕೊಂಡು ಅವರು ಸುಮ್ಮನಾದರು. ಆಮೇಲೆ ಬಣ್ಣದ ಚಿತ್ರದ ಹಾಳೆ ಪ್ರಿಂಟ್ ಹಾಕಿಸಿದೆ. ಒಬ್ಬ ಅಜ್ಜಿ ನೋಡಿ, "ನಮ್ಮನ್ನ ಅಂಗನವಾಡಿಗೆ ಸೇರಿಸಿಬಿಟ್ಯಾ ತಾಯಿ?" ಅಂದರು. ಮಾರನೇ ದಿನದಿಂದ ಬರಲಿಲ್ಲ. ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಧೈರ್ಯ ಬಂದದ್ದು, ವಯಸ್ಸಾದವರ ನೆನಪು, ಬುದ್ಧಿ ಕುಂದದಂತೆ ಏನು ಮಾಡಬಹುದು ಅಂತ ನೋಡಿದ ಫಿನ್‌ಲೆಂಡಿನ ಫಿಂಗರ್ ಅಧ್ಯಯನ ಓದಿದಾಗ. ಅಲ್ಲೂ ಕಂಪ್ಯೂಟರ್ ಅಭ್ಯಾಸಕ್ಕೆ ಒಮ್ಮೆಯಾದರೂ ಕೂತವರು ನೂರಕ್ಕೆ 63, ಅರ್ಧವಾದರೂ ಮುಗಿಸಿದವರು ಬರೀ 20.

ಎರಡನೇ ತಂಡವನ್ನು ಡೈರಿಯ ಪಕ್ಕದ ಜಗಲಿಯಲ್ಲಿ ಶುರು ಮಾಡಿದೆ, ಬೆಳಿಗ್ಗೆ ಏಳಕ್ಕೆ. ಹಾಲು ಹಾಕಿದವರು ಕ್ಯಾನ್ ಹಿಡಿದೇ ಬಂದು ಕೂರುತ್ತಾರೆ, ಅದಕ್ಕಾಗಿ ಮನೆಯಿಂದ ಇನ್ನೊಮ್ಮೆ ಹೊರಡಬೇಕಿಲ್ಲ. ಚಿತ್ರದ ಬದಲು ಕೋಲಾರ ಮಂಡಿ ರೇಟು. ನಿನ್ನೆ ಟೊಮೆಟೊ, ಬೀನ್ಸ್, ಕ್ಯಾಪ್ಸಿಕಂ ಎಷ್ಟಕ್ಕೆ ಹೋಯಿತು, ಮೊನ್ನೆ ಎಷ್ಟಿತ್ತು, ನೆನಪಿಂದ ಹೇಳಬೇಕು. ಆಮೇಲೆ 37 ಬಾಕ್ಸ್ ಟೊಮೆಟೊ, ಇಂಥ ರೇಟು, ಕಮಿಷನ್ ಹಮಾಲಿ ಕಳೆದು ಕೈಗೆಷ್ಟು, ಬಾಯಲ್ಲೇ ಲೆಕ್ಕ. ಸಲೀಸಾಗಿ ಹೇಳಿದವರಿಗೆ ಒಂದು ಬೆಳೆ ಜಾಸ್ತಿ, ತಡವರಿಸಿದವರಿಗೆ ಒಂದು ಕಮ್ಮಿ. ಆ ಅಜ್ಜಿಯೂ ತಾನಾಗಿ ವಾಪಸ್ ಬಂದರು. ಮುಕ್ಕಾಲು ಮಗ್ಗಿಯಲ್ಲಿ ಅವರನ್ನು ಸೋಲಿಸುವವರಿಲ್ಲ.

ಎಲ್ಲರಿಗೂ ಜೋಡಿ ಇದೆ. ಒಬ್ಬರು ಬರದಿದ್ದರೆ ಇನ್ನೊಬ್ಬರು ಮನೆಗೆ ಹೋಗಿ ಕರೆಯಬೇಕು. ವಾರಗಿತ್ತಿಯರನ್ನು ಜೋಡಿ ಮಾಡಿ ಕೆಟ್ಟೆ, ಒಬ್ಬರ ಮುನಿಸಿಗೆ ಇಬ್ಬರೂ ಬಿಟ್ಟರು. ಈಗ ಜೋಡಿ ಹೇಗೆ ಆರಿಸುತ್ತೇನೆ ಅನ್ನುವುದನ್ನು ಇನ್ನೊಂದು ಊರಲ್ಲಿ ಪರೀಕ್ಷೆ ಮಾಡುವವರೆಗೆ ಹೇಳುವುದಿಲ್ಲ.

ಸಾರ್ಥಕವಾದ ಖರ್ಚು ಕನ್ನಡಕದ್ದು. ಹನ್ನೊಂದು ಜನಕ್ಕೆ ಹತ್ತಿರದ್ದು ಕಾಣುತ್ತಿರಲಿಲ್ಲ. ತಲಾ 150-200 ರೂಪಾಯಿ. ಇಬ್ಬರಿಗೆ ಕಿವಿ ಮಂದ, ಅವರನ್ನು ನನ್ನ ಎದುರಿಗೇ ಕೂರಿಸುತ್ತೇನೆ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಡಿಮೆನ್ಷಿಯಾಕ್ಕೆ, ಅಂದರೆ ಮರೆವಿನ ರೋಗಕ್ಕೆ, ಪಟ್ಟಿ ಮಾಡಿದ 14 ಅಪಾಯಗಳಲ್ಲಿ ಕಣ್ಣು, ಕಿವಿ ಎರಡೂ ಇವೆ. ಮೊದಲು ಅದನ್ನು ನೋಡಿ, ಅಭ್ಯಾಸ ಆಮೇಲೆ.

ನಮ್ಮ ಕಡೆ ಬಹಳ ಮನೆಗಳಲ್ಲಿ ತೆಲುಗು, ಬೀದಿಗೆ ಬಂದರೆ ಕನ್ನಡ. ಎರಡು ಭಾಷೆ ಬಲ್ಲವರಿಗೆ ಡಿಮೆನ್ಷಿಯಾ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು ಎಂದು ಹೈದರಾಬಾದಿನ 648 ರೋಗಿಗಳನ್ನು ನೋಡಿದ ಅಧ್ಯಯನ 2013ರಲ್ಲಿ ಹೇಳಿತ್ತು. ಅದನ್ನೋದಿ, ಚಪ್ಪಾಳೆ ತಟ್ಟಿದಾಗಲೆಲ್ಲ ರೇಟು ಹೇಳುವ ಭಾಷೆ ಬದಲಿಸುವ ಆಟ ಹೂಡಿದೆ. ಜಗಲಿ ತುಂಬ ನಗು. ತೆಲುಗು ಬಾರದ ಇಬ್ಬರು ಮಾತ್ರ ಮುಖ ಸಣ್ಣಗೆ ಮಾಡಿದರು, ಹಾಗಾಗಿ ಶನಿವಾರಕ್ಕೆ ಮಾತ್ರ ಇಟ್ಟಿದ್ದೇನೆ. ಅಳಗುಳಿ ಮಣೆಯನ್ನೂ ಇಟ್ಟು ನೋಡಿದೆ. ಹೆಂಗಸರಿಗೆ ಅದು ಕೈವಶವಾದ ಆಟ, ತಲೆಗೆ ಹೊಸ ಕೆಲಸ ಸಿಗಲಿಲ್ಲ.

ಮಾವಿನ ಕೊಯ್ಲಿಗೆ ಐದು ವಾರ ರಜೆ ಕೊಡಿ. ಮೊದಲ ವರ್ಷ ಗದರಿಸಿ ಮೂವರನ್ನು ಕಳೆದುಕೊಂಡೆ.

ಮರೆವಿನ ರೋಗ ತಡೆದೆ ಅಂತ ನಾನು ಹೇಳುವುದಿಲ್ಲ. ಆರು ತಿಂಗಳಿಗೊಮ್ಮೆ ಹತ್ತು ಪದ ನೆನಪಿಡುವ ಪರೀಕ್ಷೆ ಮಾಡುತ್ತೇನೆ. ಹೋದ ಸಲ ಇಬ್ಬರು ತೀರಾ ಕುಸಿದಿದ್ದರು, ನಾನೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಒಬ್ಬರಿಗೆ ಬಿ12 ವಿಟಮಿನ್ ಕಮ್ಮಿ ಇತ್ತು, ಇಂಜೆಕ್ಷನ್ ಆದ ಮೇಲೆ ಚೇತರಿಸಿಕೊಂಡರು. ಇನ್ನೊಬ್ಬರಿಗೆ ಈಗ ರೇಟು ನೆನಪಿರುವುದಿಲ್ಲ. ಅವರ ಜೋಡಿ ದಿನವೂ ಕೈಹಿಡಿದು ಕರೆತಂದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾರೆ.