ಇಂಗ್ಲೆಂಡ್ ಸ್ಕೂಲಲ್ಲಿ ಮಗು ಏನ್ ಮಾಡ್ತಿದೆ ಅಂತ ತಿಳ್ಕೊಳ್ಳೋದು ಹೇಗೆ

ಇಂಗ್ಲೆಂಡಿಗೆ ಹೊಸದಾಗಿ ಬಂದು ಮಕ್ಕಳನ್ನ ಪ್ರೈಮರಿ ಸ್ಕೂಲಿಗೆ ಹಾಕಿರೋರು ಕೇಳೋದು ಒಂದೇ, ಒಳಗೆ ಏನ್ ನಡೀತಿದೆ ಅಂತ ನಮಗೆ ಗೊತ್ತಾಗೋದು ಹೇಗೆ, ಊರಲ್ಲಾದ್ರೆ ಡೈರಿ ಇತ್ತು, ವ್ಯಾನ್ ಡ್ರೈವರೇ ಅರ್ಧ ಸುದ್ದಿ ಹೇಳ್ತಿದ್ರು ಅಂತ. ಇಲ್ಲೂ ಹೇಳ್ತಾರೆ, ಆದ್ರೆ ಆಪಲ್ಲಿ, ಈಮೇಲಲ್ಲಿ, ನ್ಯೂಸ್‌ಲೆಟರಿನ ಯಾವ್ದೋ ಮೂಲೇಲಿ. ಕೆಲವು ಸ್ಕೂಲಲ್ಲಿ ಕ್ಲಾಸ್ ಡೋಜೋ, ಕೆಲವು ಕಡೆ ಪೇರೆಂಟ್‌ಮೇಲ್ ಅಥವಾ ಆರ್ಬರ್ ಅನ್ನೋ ಆಪ್, ಅದ್ಯಾವ್ದಿದ್ರೂ ಗಂಡ ಹೆಂಡತಿ ಇಬ್ಬರ ಫೋನಲ್ಲೂ ಹಾಕ್ಕೊಂಡು ನೋಟಿಫಿಕೇಷನ್ ಆನ್ ಇಡಿ. ಇನ್‌ಸೆಟ್ ಡೇ ಅಂತ ವರ್ಷಕ್ಕೆ 5 ದಿನ ಟೀಚರ್‌ಗಳಿಗೆ ಟ್ರೈನಿಂಗ್, ಮಕ್ಕಳಿಗೆ ರಜಾ. ನಾವು ಮೆಸೇಜ್ ಓದದೆ ಯೂನಿಫಾರಂ ಹಾಕಿಸ್ಕೊಂಡು ಗೇಟ್ ತನಕ ಹೋಗಿ ಬಂದಿದ್ದೀವಿ.

ಮುಖ್ಯವಾದ್ದು ಏನಂದ್ರೆ ಇಲ್ಲಿ ಅವರು ಹೇಳೋದಷ್ಟೇ ಅಲ್ಲ, ನಾವೂ ಹೇಳ್ಬೇಕು. ಮಗೂಗೆ ಜ್ವರ ಅಂದ್ರೆ ಬೆಳಿಗ್ಗೇನೇ, ರಿಜಿಸ್ಟರ್ ತೊಗೊಳ್ಳೋಕ್ ಮುಂಚೆ ಫೋನ್ ಮಾಡಿ ಇಲ್ಲ ಆಪಲ್ಲಿ ಹಾಕಿ. ಹೇಳದೆ ಇದ್ರೆ ಆಫೀಸಿಂದ ಫೋನ್ ಬರುತ್ತೆ, ಎತ್ತಲಿಲ್ಲ ಅಂದ್ರೆ ನೀವು ಕೊಟ್ಟಿರೋ ಎಮರ್ಜೆನ್ಸಿ ನಂಬರಿಗೆಲ್ಲಾ ಮಾಡ್ತಾರೆ, ಮನೆ ಬಾಗಿಲಿಗೂ ಬರಬಹುದು. ಬೈಯೋಕಲ್ಲ, ಮಗು ಸೇಫಾಗಿದೆಯಾ ಅಂತ. ವಾಂತಿ ಭೇದಿ ಆದ್ರೆ ನಿಂತ ಮೇಲೂ 48 ಗಂಟೆ ಮನೇಲೇ ಇಟ್ಕೋಬೇಕು.

ಇನ್ನು ತಂಗಿ ಮದುವೆ, ಗೃಹಪ್ರವೇಶ ಅಂತ ಟರ್ಮ್ ಮಧ್ಯೆ ಬೆಂಗಳೂರಿಗೆ ಹೋಗೋದು. ಹೆಡ್ ಟೀಚರ್ ಒಪ್ಪೋದು ತೀರಾ ಅಪರೂಪ, ಒಪ್ಪದೇ ಹೋಗಿ 5 ದಿನ ತಪ್ಪಿಸಿದ್ರೆ ಫೈನ್ ಬೀಳಬಹುದು. ಆಗಸ್ಟ್ 2024ರಿಂದ ಅದು 80 ಪೌಂಡ್, 21 ದಿನದೊಳಗೆ ಕಟ್ಟದಿದ್ರೆ 160, ಅದೂ ಪ್ರತಿ ಮಗೂಗೆ, ಅಪ್ಪಂಗೊಂದು ಅಮ್ಮಂಗೊಂದು. ಇಬ್ಬರು ಮಕ್ಕಳಿದ್ರೆ ಲೆಕ್ಕ ಹಾಕ್ಕೊಳ್ಳಿ, ತಲಾ 80ರಂತೇನೇ ಅಪ್ಪ ಅಮ್ಮ ಸೇರಿ 320. ಹುಷಾರಿಲ್ಲ ಅಂತ ಸುಳ್ಳು ಹೇಳಿ ಹೋಗ್ಬೇಡಿ, ವಾಪಸ್ ಬಂದು ಮಗೂನೇ ಶೋ ಅಂಡ್ ಟೆಲ್ ಅಂತ ಕ್ಲಾಸ್ ಮುಂದೆ ಮಾತಾಡಿಸ್ತಾರಲ್ಲ, ಅಲ್ಲಿ ಅಜ್ಜಿ ಮನೆ ಕಥೆ ಹೇಳುತ್ತೆ!

ನಮ್ಮ ಮಾವ ದಾವಣಗೆರೆಯಿಂದ ಬಂದಿದ್ದಾಗ ಮೊಮ್ಮಗಳನ್ನ ಕರ್ಕೊಂಡು ಬರೋಕೆ ಹೋದ್ರು, ಟೀಚರ್ ಕಳಿಸ್ಲಿಲ್ಲ, "ಅಜ್ಜ ಅಂತ ಮಗೂನೇ ಕರೀತಿತ್ತಲ್ಲಮ್ಮ" ಅಂತ ಅವರಿಗೆ ಒಂದು ವಾರ ಬೇಜಾರು. ತಪ್ಪು ನಮ್ದೇ, ಯಾರು ಬರ್ತಾರೆ ಅಂತ ಆಫೀಸಿಗೆ ಮೊದಲೇ ಹೇಳಿರ್ಲಿಲ್ಲ. ಕೆಲವು ಕಡೆ ಇದಕ್ಕೆ ಪಾಸ್‌ವರ್ಡೇ ಇರುತ್ತೆ.

ತಲೆಗೆ ಪೆಟ್ಟಾಗಿದೆ ಅಂತ ಮೆಸೇಜ್ ಬಂದ್ರೆ ಗಾಬರಿ ಬೇಡ, ಸಣ್ಣ ಗುದ್ದಿಗೂ ತಿಳಿಸ್ತಾರೆ. ಮನೇಲಿ 24 ಗಂಟೆ ಒಂದು ಕಣ್ಣಿಟ್ಟಿರಿ. ಡಬ್ಬಿಗೆ ಶೇಂಗಾ ಚಟ್ನಿಪುಡಿ ಹಾಕ್ಬೇಡಿ, ಬಹಳಷ್ಟು ಸ್ಕೂಲಲ್ಲಿ ನಟ್ಸ್ ಬಿಡಲ್ಲ. ರಿಸೆಪ್ಷನ್ (ಇಯರ್ 1ಕ್ಕಿಂತ ಮುಂಚಿನ ಕ್ಲಾಸು), ಇಯರ್ 1, ಇಯರ್ 2 ಮಕ್ಕಳಿಗೆ ಸರ್ಕಾರಿ ಸ್ಕೂಲಲ್ಲಿ ಊಟ ಫ್ರೀ, ವೆಜ್ ಅಂತ ಬರೆಸೋದು ಮರೀಬೇಡಿ.

ಮಗು ಮನೆ ವಿಷಯ ಏನಾದ್ರೂ ಹೇಳ್ತು, ಮಗೂಗೆ ತೊಂದ್ರೆ ಇದೆಯೇನೋ ಅಂತ ಟೀಚರಿಗೆ ಸಂಶಯ ಬಂತು ಅಂದ್ರೆ ಅವರು ಸುಮ್ನಿರೋ ಹಾಗಿಲ್ಲ, ಮಕ್ಕಳ ಸುರಕ್ಷತೆ ನೋಡ್ಕೊಳ್ಳೋ ಸೇಫ್‌ಗಾರ್ಡಿಂಗ್ ಲೀಡ್‌ಗೆ ಹೇಳ್ಲೇಬೇಕು. ಪ್ರತಿ ಸ್ಕೂಲಲ್ಲೂ ಆ ಕೆಲಸಕ್ಕೆ ಒಬ್ರು ಇರ್ತಾರೆ. ನಮ್ಮ ಮಗೂನ ಯಾರಾದ್ರೂ ಗೋಳು ಹುಯ್ಕೊತಿದ್ರೆ ನಾವೂ ಅವರಿಗೇ ಬರೀಬಹುದು, ಆದ್ರೆ ನಮ್ಮೋರು ಟೀಚರ್ ಏನಂದ್ಕೋತಾರೋ ಅಂತ ಸುಮ್ನಿದ್ದುಬಿಡ್ತಾರೆ.

ಓದಿನ ವಿಷಯಕ್ಕೆ ರ‍್ಯಾಂಕ್ ಕೇಳ್ಬೇಡಿ, ಇಲ್ಲ. ವರ್ಷಕ್ಕೊಂದು ಲಿಖಿತ ರಿಪೋರ್ಟ್ ಕೊಡ್ಲೇಬೇಕು, ಅದ್ರಲ್ಲಿ "ಎಕ್ಸ್‌ಪೆಕ್ಟೆಡ್" ಅಂತಿದ್ರೆ ಚೆನ್ನಾಗೇ ಇದೆ ಅಂತ ಅರ್ಥ. ಇಯರ್ 1ರಲ್ಲಿ 40 ಪದದ ಫೋನಿಕ್ಸ್ ಚೆಕ್ (ಅಕ್ಷರದ ಸದ್ದು ಕೂಡಿಸಿ ಪದ ಓದ್ಸೋದು), ಇಯರ್ 4ರಲ್ಲಿ 25 ಪ್ರಶ್ನೆಯ ಮಗ್ಗಿ ಟೆಸ್ಟ್, ಅದಕ್ಕೆ ನಮ್ಮ ಮಕ್ಕಳು ಹೆದರಲ್ಲ ಬಿಡಿ. ಪೇರೆಂಟ್ಸ್ ಈವ್ನಿಂಗ್ ಸಿಗೋದು ಸಾಮಾನ್ಯವಾಗಿ 10 ನಿಮಿಷ, ಸ್ಲಾಟ್ ಓಪನ್ ಆದ ತಕ್ಷಣ ಬುಕ್ ಮಾಡಿ, ಮ್ಯಾತ್ಸ್ ಬಗ್ಗೆನೇ ಎಲ್ಲಾ ಟೈಮ್ ಕಳೀಬೇಡಿ, ಬ್ರೇಕಲ್ಲಿ ಯಾರ ಜೊತೆ ಆಡ್ತಾನೆ ಅಂತಾನೂ ಕೇಳಿ.